ಸೂಜಿಮೊನೆಗೆ ಬೇಕಾದ ಬೆಳಕು

1979-80ರಲ್ಲಿ ಕರ್ನಾಟಕ ಸರ್ಕಾರ ಭಾಗ್ಯಜ್ಯೋತಿ ಯೋಜನೆ ತಂದು ಬಡವರ ಗುಡಿಸಲಿಗೆ ಒಂದೊಂದು ದೀಪ ಕೊಟ್ಟಿತು. ಮನೆಗೊಂದು ಬಲ್ಬು, ಅದೂ 40 ವ್ಯಾಟಿನದು. ಕಡತದ ಲೆಕ್ಕದಲ್ಲಿ ಆ ಮನೆಗೆ ಬೆಳಕು ಬಂದಾಯಿತು. ಆದರೆ ಕೂಡ್ಲಿಗಿಯಲ್ಲೋ ಹರಪನಹಳ್ಳಿಯಲ್ಲೋ ಅಂಥ ಮನೆಯೊಳಗೆ ಒಂದು ಹೊಲಿಗೆ ಮಿಷನ್ ಇದ್ದರೆ ಲೆಕ್ಕ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಸೂರಿನ ನಡುವೆ ತೂಗುವ ಬಲ್ಬು ಉಣ್ಣುವವರಿಗೆ, ಹಾಸಿಗೆ ಹಾಸುವವರಿಗೆ, ಲೆಕ್ಕ ಬರೆಯುವ ಹುಡುಗರಿಗೆ ಹೇಗೋ ಸಾಕಾದೀತು. ಕರಿ ಬಟ್ಟೆಯ ಮೇಲೆ ಕರಿ ದಾರ ಓಡಿಸುವವರಿಗೆ ಸಾಲದು.

ಯಾಕೆ ಸಾಲದು ಎಂಬುದಕ್ಕೆ ಸಣ್ಣದೊಂದು ಗಣಿತವಿದೆ. 40 ವ್ಯಾಟಿನ ಹಳೆಯ ತಂತಿ ಬಲ್ಬು ಹೊರಸೂಸುವ ಬೆಳಕು ಸುಮಾರು 400 ಲ್ಯೂಮೆನ್. ಅದು ಬಟ್ಟೆಯಿಂದ ಎರಡು ಮೀಟರ್ ಮೇಲೆ ತೂಗಿದರೆ ಸೂಜಿಯ ಬುಡಕ್ಕೆ ನೇರವಾಗಿ ಬೀಳುವುದು 8 ಲಕ್ಸ್‌ನಷ್ಟು ಮಾತ್ರ. ಸುಣ್ಣ ಬಳಿದ ಗೋಡೆಯಿದ್ದರೆ ಇನ್ನಷ್ಟು ಸೇರೀತು. ಹೊಗೆ ಹಿಡಿದ ಮಣ್ಣಿನ ಗೋಡೆಯಾದರೆ ಅದೂ ಇಲ್ಲ. ಅದೇ ಬಲ್ಬನ್ನು ವೈರು ಸಮೇತ ಇಳಿಸಿ ಬಟ್ಟೆಯಿಂದ 40 ಸೆಂಟಿಮೀಟರ್ ದೂರಕ್ಕೆ ತಂದರೆ ಬೀಳುವ ಬೆಳಕು 200 ಲಕ್ಸ್. ದೂರ ಐದನೇ ಒಂದು ಪಾಲಿಗೆ ಇಳಿದರೆ ಬೆಳಕು 25 ಪಟ್ಟು ಆಗುತ್ತದೆ. ಬಿಲ್ಲು ಒಂದು ಪೈಸೆ ಹೆಚ್ಚಾಗುವುದಿಲ್ಲ. ಬಟ್ಟೆ ಹೊಲಿಯುವ ಕೆಲಸಕ್ಕೆ ಯುರೋಪಿನ ಮಾನದಂಡ ಕೇಳುವುದು 750 ಲಕ್ಸ್. ಆ ಅಂಕಿ ಯಾರಿಗೂ ಗೊತ್ತಿಲ್ಲದ ಕಾಲದಲ್ಲೂ ಈ ಸೀಮೆಯ ಟೇಲರುಗಳು ಮಾಡಿದ್ದು ಅದನ್ನೇ: ವೈರು ಉದ್ದ ಮಾಡಿದರು, ಹೋಲ್ಡರನ್ನು ಮಿಷನ್ನಿನ ತಲೆಯ ಹತ್ತಿರಕ್ಕೆ ಎಳೆದು ಕಟ್ಟಿದರು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಇಂದು ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಅದಕ್ಕೂ ಮುಂಚೆ ಬಳ್ಳಾರಿ ಜಿಲ್ಲೆಯ ಪಡುವಣ ಅಂಚು. ಇನ್ನೂ ಹಿಂದಕ್ಕೆ ಹೋದರೆ, 1953ರ ಅಕ್ಟೋಬರ್ 1ರವರೆಗೆ, ಮದ್ರಾಸ್ ಸರ್ಕಾರದ ಕೈಕೆಳಗಿನ ನೆಲ. ಹರಪನಹಳ್ಳಿಯಂತೂ ನಡುವೆ ಎರಡು ದಶಕ ದಾವಣಗೆರೆಗೆ ಸೇರಿ ಮತ್ತೆ ಮರಳಿತು. ಆಳುವ ಕಚೇರಿ ಎಷ್ಟು ಸಲ ಬದಲಾದರೂ ಇಲ್ಲಿಯ ಕೈಕಸುಬಿನವರು ಬೆಳಕನ್ನು ಹುಡುಕಿಕೊಂಡ ಬಗೆ ಮಾತ್ರ ಒಂದೇ ಜಾಡಿನಲ್ಲಿ ಸಾಗಿದೆ.

ಮೊದಲ ದೀಪ ಬಿಸಿಲೇ. ಈ ಬಯಲುಸೀಮೆಯ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ದಪ್ಪ ಗೋಡೆ, ಸಣ್ಣ ಕಿಟಕಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರುಗಳಲ್ಲಿ ದೊಡ್ಡ ಕಿಟಕಿ ಇಟ್ಟುಕೊಂಡು ಬಾಳುವುದು ಕಷ್ಟ. ಹಾಗಾಗಿ ಒಳಮನೆ ತಂಪು, ಆದರೆ ಕತ್ತಲು. ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ ಬಿಸಿಲಿನ ಕೋಲೊಂದು ಇಳಿದು ದಿನವಿಡೀ ನೆಲದ ಮೇಲೆ ಸರಿಯುತ್ತದೆ. ಅಕ್ಕಿ ಆರಿಸುವುದು, ಹರಿದ ಸೀರೆಗೆ ಟಾಕು ಹಾಕುವುದು, ಮಗುವಿನ ಕಾಲಿನ ಮುಳ್ಳು ತೆಗೆಯುವುದು ಎಲ್ಲವೂ ಆ ಕೋಲಿನ ಕೆಳಗೆ. ಮಳೆ ಬಂದರೆ ಬೆಳಕಿಂಡಿ ಮುಚ್ಚಬೇಕು, ಕೆಲಸವೂ ನಿಲ್ಲಬೇಕು.

ಹೆಚ್ಚು ಹೊತ್ತಿನ ಕೆಲಸವಾದರೆ ಜನ ಹೊರಗೇ ಬರುತ್ತಿದ್ದರು. ಡಬ್ಲ್ಯು. ಫ್ರಾನ್ಸಿಸ್ ಸಿದ್ಧಪಡಿಸಿದ 1904ರ ಬಳ್ಳಾರಿ ಗೆಜೆಟಿಯರಿನ ಹೊತ್ತಿಗೆ ಕುರುಬರ ಕಂಬಳಿ ಈ ಜಿಲ್ಲೆಯ ದೊಡ್ಡ ಕಸುಬುಗಳಲ್ಲೊಂದು. ದಖ್ಖನಿ ಕುರಿಯ ಕರಿ ಉಣ್ಣೆ, ಹುಣಸೆಬೀಜದ ಗಂಜಿ ಕೊಟ್ಟು ಬಿಗಿ ಮಾಡಿದ ಹಾಸು. ಹಾಸು ಉದ್ದವಾದ್ದರಿಂದ ಅಂಗಳ, ಓಣಿ, ಮರದ ಬುಡ ಬೇಕು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಕಣ್ಣಿನದು. ಬಿಳಿ ಬಟ್ಟೆ ತನ್ನ ಮೇಲೆ ಬಿದ್ದ ಬೆಳಕಿನ ಮುಕ್ಕಾಲು ಪಾಲನ್ನು ಮರಳಿ ಕಣ್ಣಿಗೆ ಕೊಡುತ್ತದೆ. ಕರಿ ಉಣ್ಣೆ ಬಹುಪಾಲನ್ನು ನುಂಗಿಕೊಳ್ಳುತ್ತದೆ. ಕಡಿದ ಕರಿ ಎಳೆಯನ್ನು ಕರಿ ಎಳೆಗಳ ನಡುವೆ ಹುಡುಕಿ ಗಂಟು ಹಾಕಲು ಪಡಸಾಲೆಯ ಬೆಳಕು ಸಾಲದು, ಸೂರ್ಯನೇ ಬೇಕು.

ಹೆಂಗಸರ ಕೌದಿಯ ಕತೆಯೂ ಹೀಗೆಯೇ. ಹಳೇ ಸೀರೆ, ಪಂಚೆ, ಅಂಗಿಯ ತುಂಡುಗಳನ್ನು ಒಂದರ ಮೇಲೊಂದು ಹಾಸಿ ಸಾಲುಸಾಲಾಗಿ ಕೈಹೊಲಿಗೆ ಹಾಕುವ ಈ ಕೆಲಸ ಸುಗ್ಗಿ ಮುಗಿದ ಮೇಲೆ, ಮಧ್ಯಾಹ್ನದ ಊಟವಾದ ಮೇಲೆ, ಮನೆ ಮುಂದಿನ ನೆರಳಲ್ಲಿ ನಡೆಯುತ್ತದೆ. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಸುತ್ತಿನ ಲಂಬಾಣಿ ತಾಂಡಾಗಳಲ್ಲಿ ಕನ್ನಡಿ, ಕವಡೆ, ಬಣ್ಣದ ದಾರ ಕೂಡಿಸಿ ಹೊಲಿಯುವ ಕಸೂತಿಗೂ ಹಗಲೇ ದಿಕ್ಕು. ಪಕ್ಕದ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. 2023ರ ಜುಲೈನಲ್ಲಿ ಜಿ-20 ಸಭೆ ಹಂಪಿಯಲ್ಲಿ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಣ್ಣುಮಕ್ಕಳು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಆ ವಸ್ತುಗಳ ಮುಂದೆ ಬಣ್ಣದ ದೀಪ ಬೆಳಗಿಸಿ ಫೋಟೊ ತೆಗೆದವರು ಬಹಳ. ಹೊಲಿಯುವಾಗ ಬೆಳಕು ಎಲ್ಲಿಂದ ಬಂತು ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಇರುಳಿನ ಬೆಳಕು ಬಹುಕಾಲ ದೇವರ ಪಾಲಿನದಾಗಿತ್ತು. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಯಂಥ ಚಾಲುಕ್ಯರ ಕಾಲದ ಗುಡಿಗಳು ಈ ಸೀಮೆಯಲ್ಲಿ ಹಲವಿವೆ. ಆ ಕಾಲದ ಕನ್ನಡ ಶಾಸನಗಳಲ್ಲಿ ತೆಲ್ಲಿಗರು, ಅಂದರೆ ಗಾಣದವರು, ಗುಡಿಯ ನಂದಾದೀವಿಗೆಗೆ ಎಣ್ಣೆ ಬಿಟ್ಟುಕೊಟ್ಟ ದತ್ತಿಗಳು ಮತ್ತೆ ಮತ್ತೆ ಬರುತ್ತವೆ. ಎಣ್ಣೆ ಅಷ್ಟು ಬೆಲೆಯದಾಗಿತ್ತು. ಕಸುಬಿಗೆ ಸುಡುವಷ್ಟು ಅಗ್ಗವಾಗಿರಲಿಲ್ಲ. 12ನೇ ಶತಮಾನದ ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದಾನೆ, ಗಾಣದ ಕಣ್ಣಪ್ಪನೂ ಇದ್ದಾನೆ. ಸೂಜಿ ಹಿಡಿದವನೂ ಎಣ್ಣೆ ಹಿಂಡಿದವನೂ ಒಂದೇ ಅನುಭಾವದ ಕೂಟದವರು. ಆದರೂ ಸೂಜಿಯ ಕಾಯಕ ನಡೆಯುತ್ತಿದ್ದದ್ದು ಹಗಲಲ್ಲೇ ಎಂದು ಊಹಿಸಲು ಹೆಚ್ಚು ಕಷ್ಟಪಡಬೇಕಿಲ್ಲ. ಔಡಲೆಣ್ಣೆಯ ಪಣತಿ ಒಂದು ಮೇಣದಬತ್ತಿಗಿಂತ ಮಂಕು. ಅದರ ಮುಂದೆ ಸೂಜಿಗೆ ದಾರ ಪೋಣಿಸಬಹುದು, ಹೊಲಿಗೆಯ ಸಾಲು ನೆಟ್ಟಗಿದೆಯೋ ಇಲ್ಲವೋ ತಿಳಿಯುವುದಿಲ್ಲ.

ಇದೇ ತೊಂದರೆಗೆ ಯುರೋಪಿನ ಲೇಸ್ ಹೆಣೆಯುವ ಹೆಂಗಸರು ಒಂದು ಜಾಣ ಉಪಾಯ ಕಂಡುಕೊಂಡಿದ್ದರು. ನೀರು ತುಂಬಿದ ಗಾಜಿನ ಬುರುಡೆಯನ್ನು ಬತ್ತಿಯ ಮುಂದೆ ಇಟ್ಟರೆ ಚೆಲ್ಲಿಹೋಗುವ ಬೆಳಕು ಒಂದು ಚುಕ್ಕೆಯಾಗಿ ಕೂಡಿ ಹೆಣಿಗೆಯ ಮೇಲೆ ಬೀಳುತ್ತದೆ. ಒಂದೇ ಬತ್ತಿಯ ಸುತ್ತ ನಾಲ್ಕಾರು ಬುರುಡೆ ಇಟ್ಟು ನಾಲ್ಕಾರು ಮಂದಿ ಕೂರುತ್ತಿದ್ದರು. ಚಮ್ಮಾರರೂ ಅಕ್ಕಸಾಲಿಗರೂ ಅದನ್ನೇ ಬಳಸಿದರು. ದೀಪದ ಗಾತ್ರ ದೊಡ್ಡದು ಮಾಡಲು ಹಣವಿಲ್ಲದವರು ಅದರ ದಿಕ್ಕನ್ನು ತಿದ್ದಿಕೊಂಡ ಉದಾಹರಣೆ ಇದು.

ಹೊಲಿಗೆ ಯಂತ್ರ ಬಂದದ್ದು ಲೆಕ್ಕವನ್ನೆಲ್ಲ ಏರುಪೇರು ಮಾಡಿತು. ಐಸಾಕ್ ಸಿಂಗರ್ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1851ರಲ್ಲಿ. 19ನೇ ಶತಮಾನ ಮುಗಿಯುವ ಮೊದಲೇ ಸಿಂಗರ್ ಕಂಪನಿ ಭಾರತದ ಪೇಟೆಗಳಲ್ಲಿ ಅಂಗಡಿ ತೆರೆದಿತ್ತು. 1930ರ ದಶಕದಲ್ಲಿ ಕಲ್ಕತ್ತೆಯ ಜಯ್ ಎಂಜಿನಿಯರಿಂಗ್ ವರ್ಕ್ಸ್ ಉಷಾ ಮಿಷನ್ ತಯಾರಿಸತೊಡಗಿತು. ಹೊಸಪೇಟೆಯಿಂದ ಕೊಟ್ಟೂರಿನವರೆಗೆ ಮೀಟರ್‌ಗೇಜ್ ರೈಲು 20ನೇ ಶತಮಾನದ ಮೊದಲ ದಶಕದಲ್ಲೇ ಓಡತೊಡಗಿದ್ದರಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರಿನ ಪೇಟೆಗಳಿಗೆ ಹೊರಗಿನ ಸರಕು ಇಳಿಯಲು ದಾರಿಯಾಯಿತು. ಶೇಂಗಾ ಹೊರಗೆ ಹೋಯಿತು, ಮಿಲ್ಲಿನ ಬಟ್ಟೆ, ಸೀಮೆಎಣ್ಣೆಯ ಡಬ್ಬಿ ಒಳಗೆ ಬಂದವು.

ಯಂತ್ರಗಳನ್ನು ಕಂಡರೆ ಸಂಶಯಪಡುತ್ತಿದ್ದ ಗಾಂಧೀಜಿ ಕೂಡ 1924ರ ಒಂದು ಸಂವಾದದಲ್ಲಿ ಸಿಂಗರ್ ಮಿಷನ್ನಿಗೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿಯುತ್ತ ಬೇಸರಪಡುವುದನ್ನು ನೋಡಲಾರದೆ ಸಿಂಗರ್ ಅದನ್ನು ಕಂಡುಹಿಡಿದ ಎಂಬ ನಂಬಿಕೆ ಅವರದು. ಗಾಂಧೀಜಿಯ ಚಿತಾಭಸ್ಮದ ಸ್ಮಾರಕವಿರುವ ಕೂಡ್ಲಿಗಿಯಲ್ಲಿ ಇವತ್ತಿಗೂ ಪೆಡಲ್ ತುಳಿಯುವ ಟೇಲರುಗಳಿಗೆ ಆ ವಿನಾಯಿತಿ ಸಮಾಧಾನ ತರಬಹುದು. ಗಾಂಧೀಜಿ ದೀಪದ ಬಗ್ಗೆ ಅಲ್ಲಿ ಏನೂ ಹೇಳಲಿಲ್ಲ.

ಕೈಸೂಜಿಗೆ ಬೆರಳೇ ಕಣ್ಣು. ಅನುಭವಿಗಳು ಮಬ್ಬಿನಲ್ಲೂ ನಾಲ್ಕು ಟಾಕು ಹಾಕಬಲ್ಲರು. ಮಿಷನ್ ಹಾಗಲ್ಲ. ಸೂಜಿ ಓಡುತ್ತಿರುವಾಗಲೇ ಬಟ್ಟೆಯ ಅಂಚನ್ನು ನೋಡುತ್ತ ನಡೆಸಬೇಕು, ತಪ್ಪಿದರೆ ಬೆರಳ ಮೇಲೇ ಬರುತ್ತದೆ. ಕಣ್ಣಿಗೆ ಬೇಕಾದ ಜಾಗವೋ, ಒತ್ತುಗಾಲಿನ ಸುತ್ತಿನ ಒಂದು ಅಂಗೈಯಷ್ಟು. ಆ ಅಂಗೈಯಷ್ಟು ಜಾಗದ ಮೇಲೆ ಮಿಷನ್ನಿನ ತಲೆಯೂ ಹೊಲಿಯುವವರ ತಲೆಯೂ ಬಾಗಿರುತ್ತವೆ. ಹಿಂದಿನಿಂದ ಬಂದ ಬೆಳಕಿಗೆ ತಲೆ ಅಡ್ಡ, ಬಲದಿಂದ ಬಂದ ಬೆಳಕಿಗೆ ಮಿಷನ್ನಿನ ಕಬ್ಬಿಣದ ಕಂಬ ಅಡ್ಡ. ಉಳಿದದ್ದು ಎಡ ಮತ್ತು ಎದುರು. ಹಳೆಯ ಟೇಲರ್ ಅಂಗಡಿಗಳಲ್ಲಿ ಮಿಷನ್ ಬಾಗಿಲಿಗೆ ಅಂಟಿಕೊಂಡಂತೆ, ಎಡ ಭುಜ ಬೀದಿಯ ಕಡೆಗೆ ಬರುವಂತೆ ಕೂತಿರುವುದು ದಾರಿಹೋಕರ ಜೊತೆ ಮಾತಾಡುವ ಆಸೆಗಷ್ಟೇ ಅಲ್ಲ. ಆ ಆಸೆಯೂ ಇರುತ್ತದೆ ಎನ್ನಿ.

ಹೊತ್ತು ಮುಳುಗಿದ ಮೇಲೆ ಕಂದೀಲು. ಸೀಮೆಎಣ್ಣೆಯ ಚಿಮಣಿ ಬುಡ್ಡಿಗಿಂತ ಇದು ಎಷ್ಟೋ ಮೇಲು, ಗಾಳಿಗೆ ಆರುವುದಿಲ್ಲ. ಆದರೆ ಎಣ್ಣೆಯ ಡಬ್ಬಿ ಉರಿಯ ಕೆಳಗೇ ಇರುವುದರಿಂದ ತೂಗುಹಾಕಿದರೆ ಬೆಳಕು ಬೇಕಾದ ಕಡೆಯೇ ನೆರಳು ಬೀಳುತ್ತದೆ. ದೀಪದ ಬುಡದಲ್ಲಿ ಕತ್ತಲು ಎಂಬ ಗಾದೆ ಟೇಲರಿಗೆ ಅಕ್ಷರಶಃ ಸತ್ಯ. ಹಾಗಾಗಿ ಕಂದೀಲನ್ನು ತೂಗುಹಾಕದೆ ಮಿಷನ್ನಿನ ಹಲಗೆಯ ಮೇಲೆ, ಸೂಜಿಯ ಎಡಕ್ಕೆ ಇಡಬೇಕು. ಇಟ್ಟರೆ ಇನ್ನೊಂದು ಭಯ: ಪೆಡಲ್ ತುಳಿದಂತೆಲ್ಲ ಹಲಗೆ ಅದುರುತ್ತದೆ, ಕಂದೀಲು ಅಂಚಿಗೆ ಸರಿಯುತ್ತದೆ, ಮದುವೆಯ ರೇಷ್ಮೆಯ ಕುಪ್ಪಸ ಅದರ ಪಕ್ಕದಲ್ಲೇ ಬಿದ್ದಿರುತ್ತದೆ. ಬತ್ತಿ ಏರಿಸಿದರೆ ಗಾಜು ಮಸಿ ಹಿಡಿಯುತ್ತದೆ. ಬೂದಿಯಲ್ಲಿ ಗಾಜು ಉಜ್ಜುವುದು ಅಂಗಡಿಯಲ್ಲಿ ಕೆಲಸ ಕಲಿಯಲು ಬಂದ ಹುಡುಗನ ಮೊದಲ ಪಾಠ. ಕಾಜಾ ಹಾಕುವುದು, ಗುಂಡಿ ಹಚ್ಚುವುದು ಆಮೇಲೆ.

ರಾತ್ರಿ ಕೆಲಸ ಬೇಡ ಎಂದು ಬಿಡುವಂತೆಯೂ ಇರಲಿಲ್ಲ. ಇಲ್ಲಿಯ ಹೊಲಿಗೆಯ ವರ್ಷ ಜಾತ್ರೆಗಳ ಸುತ್ತ ಸುತ್ತುತ್ತದೆ. ಭಾರತ ಹುಣ್ಣಿಮೆಯ ಹೊತ್ತಿಗೆ ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕ, ಅದರ ಬೆನ್ನಿಗೇ ಕೊಟ್ಟೂರೇಶ್ವರನ ತೇರು. ತೇರಿಗೆ ಹೊಸ ಅಂಗಿ ಬೇಕು ಎಂದವರಿಗೆ ತೇರಾದ ಮೇಲೆ ಕೊಟ್ಟರೆ ಏನು ಬಂತು? ಆಮೇಲೆ ಯುಗಾದಿ, ಮದುವೆಗಳು. ಜೂನ್ ಬಂದರೆ ಶಾಲೆಯ ಸಮವಸ್ತ್ರ. ಅನುಕೂಲಸ್ಥರು ಪೆಟ್ರೋಮ್ಯಾಕ್ಸ್ ಬಾಡಿಗೆಗೆ ತರುತ್ತಿದ್ದರು. ಬರ್ಲಿನ್ನಿನ ಏರಿಕ್ ಅಂಡ್ ಗ್ರೇಟ್ಸ್ ಕಂಪನಿಯ ಈ ಗ್ಯಾಸ್ ದೀಪ ಕಣ್ಣು ಕುಕ್ಕುವಷ್ಟು ಬೆಳಗುತ್ತಿತ್ತು. ಅದರ ಭುಸ್ಸೆನ್ನುವ ಸದ್ದು, ಝಳ ಒಂದು ಕೋಣೆಯಲ್ಲಿ ಕೂತು ಹೊಲಿಯುವವರಿಗಲ್ಲ, ಬಯಲಾಟಕ್ಕೆ ಹೇಳಿಸಿದ್ದು.

ವಿದ್ಯುತ್ತಿನ ಕತೆ ತುಂಗಭದ್ರೆಯದು. ಅಣೆಕಟ್ಟೆಗೆ ಶಂಕುಸ್ಥಾಪನೆ ಆದದ್ದು 1945ರ ಫೆಬ್ರುವರಿಯಲ್ಲಿ, ಕಾಲುವೆಗೆ ನೀರು ಬಿಟ್ಟದ್ದು 1953ರಲ್ಲಿ, ಬುಡದ ವಿದ್ಯುದಾಗಾರ ಕೆಲಸ ಶುರು ಮಾಡಿದ್ದು 1957ರಲ್ಲಿ. ಹಿನ್ನೀರಿನಲ್ಲಿ ತೊಂಬತ್ತರಷ್ಟು ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯ ಜನ ಎದ್ದು ಬಂದು ಮರಿಯಮ್ಮನಹಳ್ಳಿ ಕಟ್ಟಿಕೊಂಡರು. ಹಂಪಸಾಗರದಂಥ ಹಳೆಯ ಊರುಗಳೂ ನೀರಿಗೆ ನೆಲ ಬಿಟ್ಟುಕೊಟ್ಟವು. ಬಲದಂಡೆಯ ಆ ವಿದ್ಯುತ್ತಿನಲ್ಲಿ ಆಂಧ್ರದ ಪಾಲು ನೂರಕ್ಕೆ 80, ಕರ್ನಾಟಕದ್ದು 20. ಮುಳುಗಿದವರ ಓಣಿಗೆ ಮೊದಲು ಕಂಬ ಬಂತೋ ದೂರದ ಕಾರ್ಖಾನೆಗೋ ಎಂದು ಕೇಳಿದರೆ ಸಿಗುವ ಉತ್ತರ ಯಾರಿಗೂ ಹಿಡಿಸಲಾರದು.

ಕಂಬ ಬಂದ ಮೇಲೂ ಬೆಳಕು ಬಂತೆನ್ನುವಂತಿರಲಿಲ್ಲ. ಕೊಳವೆಬಾವಿಯ ಪಂಪುಗಳು ಹೆಚ್ಚಿದ ಹಾಗೆ ಸಂಜೆಯ ವೋಲ್ಟೇಜು ಕುಸಿಯತೊಡಗಿತು. ತಂತಿ ಬಲ್ಬಿನ ಸ್ವಭಾವ ವಿಚಿತ್ರ: ವೋಲ್ಟೇಜು ನೂರಕ್ಕೆ ಹತ್ತು ಇಳಿದರೆ ಬೆಳಕು ನೂರಕ್ಕೆ ಮೂವತ್ತು ಇಳಿಯುತ್ತದೆ. 230 ಇರಬೇಕಾದ ಕಡೆ 180 ಬಂದರೆ ಉಳಿಯುವುದು ಅರ್ಧಕ್ಕಿಂತ ಕಡಿಮೆ. ಕೆಂಡದಂತೆ ಕೆಂಪಗೆ ಉರಿಯುವ ಆ ಬಲ್ಬಿನ ಕೆಳಗೆ ನೀಲಿ, ಕಪ್ಪು, ಕಡುಹಸಿರು ಎಲ್ಲ ಒಂದೇ. ಹಗಲು ಆರಿಸಿಟ್ಟ ದಾರದ ಉಂಡೆಯನ್ನೇ ರಾತ್ರಿ ಬಳಸಬೇಕು, ಹೊಸದನ್ನು ಆ ಬೆಳಕಲ್ಲಿ ಆರಿಸಬಾರದು ಎಂಬುದು ಅಂಗಡಿಗಳಲ್ಲಿ ಹೇಳದೆಯೇ ನಡೆಯುವ ನಿಯಮ.

ವೈರು ಇಳಿಬಿಡುವ ಕಲೆ ಬೆಳೆದದ್ದು ಈ ಕಾಲದಲ್ಲೇ. ಮಾಳಿಗೆಯ ಜಂತಿಯಿಂದ ಒಂದು ಮೊಳೆ, ಅದಕ್ಕೊಂದು ದಾರ, ದಾರಕ್ಕೆ ವೈರು. ಬೇಕಾದಾಗ ಕೆಳಕ್ಕೆ, ಬೇಡವಾದಾಗ ಮೇಲಕ್ಕೆ. ಕಣ್ಣಿಗೆ ನೇರವಾಗಿ ಚುಚ್ಚದಂತೆ ಬಲ್ಬಿನ ಸುತ್ತ ರಟ್ಟು, ಹಾಲಿನ ಪುಡಿಯ ಡಬ್ಬಿ ಕತ್ತರಿಸಿದ ತಗಡು, ಕೆಲವೊಮ್ಮೆ ಬರೀ ಹಳೆಯ ಪತ್ರಿಕೆ. ತಗಡಿನ ಒಳಮೈ ಹೊಳೆಯುವುದರಿಂದ ಮೇಲಕ್ಕೆ ಪೋಲಾಗುವ ಬೆಳಕೂ ಬಟ್ಟೆಗೆ ಬೀಳುತ್ತದೆ. ಪತ್ರಿಕೆ ಕಂದು ಬಣ್ಣಕ್ಕೆ ತಿರುಗಿ ಒಂದು ದಿನ ಹೊಗೆ ಏಳುತ್ತದೆ. ತಂತಿ ಬಲ್ಬು ತಿನ್ನುವ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಶಾಖವೇ. ಏಪ್ರಿಲ್ ತಿಂಗಳಲ್ಲಿ ಕೆನ್ನೆಯ ಪಕ್ಕ ಅಂಥದೊಂದನ್ನು ಇಟ್ಟುಕೊಂಡು ಹೊಲಿಯುವುದು ಒಲೆಯ ಮುಂದೆ ಕೂತು ರೊಟ್ಟಿ ತಟ್ಟಿದ ಹಾಗೆ. ಮಳೆಗಾಲದಲ್ಲಿ ಶಾಖದ ಬದಲು ದೀಪದ ಹುಳ: ಬಿಳಿ ಪಂಚೆಯ ಮೇಲೆ ಬಿದ್ದು ಹೊಲಿಗೆಯ ಕೆಳಗೆ ಸಿಕ್ಕಿದರೆ ಕಲೆ ಹೋಗುವುದಿಲ್ಲ.

ಬೇರೆಡೆ ಈ ತೊಂದರೆಗೆ ಕಾರ್ಖಾನೆಯ ಉತ್ತರ ಆಗಲೇ ಸಿದ್ಧವಾಗಿತ್ತು. 1933ರಲ್ಲಿ ಸಿಂಗರ್ ಹೊರತಂದ ಫೆದರ್‌ವೇಟ್ ಮಿಷನ್ನಿನ ಮೈಯಲ್ಲೇ ದೀಪವಿತ್ತು. ಅದರ ಹಿಂದಿನ ವರ್ಷ ಜಾರ್ಜ್ ಕಾರ್ವರ್ಡೈನ್ ಎಂಬ ಇಂಗ್ಲಿಷ್ ಎಂಜಿನಿಯರ್ ಸ್ಪ್ರಿಂಗುಗಳ ಬಲದಲ್ಲಿ ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವ ತೋಳಿನ ದೀಪಕ್ಕೆ ಪೇಟೆಂಟ್ ಪಡೆದಿದ್ದ. ಆಂಗಲ್‌ಪಾಯ್ಸ್ ಎಂದು ಹೆಸರಾದದ್ದು ಅದೇ. ಜವಳಿ ಯಂತ್ರ ಆಮದು ಮಾಡುತ್ತಿದ್ದ ನಾರ್ವೆಯ ಜೇಕಬ್ ಜೇಕಬ್‌ಸನ್ ಇಂಗ್ಲೆಂಡಿನಿಂದ ಬಂದ ಯಂತ್ರಗಳ ಜೊತೆಗೆ ಈ ದೀಪವನ್ನು ಕಂಡು, ಹಕ್ಕು ಕೊಂಡು, 1937ರಲ್ಲಿ ಲಕ್ಸೊ ದೀಪ ಮಾಡಿದ. ಇಂದು ಜಗತ್ತಿನ ಮೇಜುಗಳ ಮೇಲೆ ಕಾಣುವ ತೋಳುದೀಪಗಳ ವಂಶಕ್ಕೆ ಹೊಲಿಗೆ, ಜವಳಿಯ ನಂಟಿದೆ. ನಮ್ಮಲ್ಲಿಗೆ ಬಂದ ಕರಿ ಬಣ್ಣದ ಪೆಡಲ್ ಮಿಷನ್‌ಗಳಿಗೆ ಮಾತ್ರ ದೀಪ ಬರಲಿಲ್ಲ. ಕರೆಂಟೇ ಇಲ್ಲದ ಊರಿಗೆ ದೀಪದ ಮಿಷನ್ ಕಳಿಸಿ ಏನು ಪ್ರಯೋಜನ ಎಂಬ ವ್ಯಾಪಾರಿಯ ತರ್ಕ ಅಂದಿಗೆ ಸರಿಯಿತ್ತು. ಕರೆಂಟು ಬಂದ ಮೇಲೂ ಅದೇ ಮಾದರಿ ಮುಂದುವರಿದದ್ದಕ್ಕೆ ತರ್ಕವಿಲ್ಲ, ರೂಢಿ ಅಷ್ಟೆ.

ಟ್ಯೂಬ್‌ಲೈಟು ಬಂದಾಗ ಅಂಗಡಿಗಳಿಗೆ ಅದೊಂದು ಅಂತಸ್ತು. ನೆರಳು ಕಡಿಮೆ, ಶಾಖವೂ ಕಡಿಮೆ. ಆದರೆ ವೋಲ್ಟೇಜು ಇಳಿದರೆ ಹಳೆಯ ಚೋಕಿನ ಟ್ಯೂಬು ಹತ್ತುವುದೇ ಇಲ್ಲ, ಮಿಣಮಿಣ ಎಂದು ಕಣ್ಣು ನೋಯಿಸುತ್ತದೆ. ವೇಗದ ಮಿಷನ್‌ಗಳಿಗೆ ಇನ್ನೊಂದು ಅಪಾಯ. ಆ ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಿಮಿಷಕ್ಕೆ 3,000 ಹೊಲಿಗೆ ಹಾಕುವ ಸೂಜಿ ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಎರಡೂ ತಾಳ ಕೂಡಿದರೆ ಓಡುತ್ತಿರುವ ಸೂಜಿ ನಿಂತಂತೆ ಕಾಣಬಹುದು. ಪೆಡಲ್ ತುಳಿಯುವ ಕೊಟ್ಟೂರಿನ ಟೇಲರಿಗೆ ಈ ಚಿಂತೆಯಿಲ್ಲ. ಬಳ್ಳಾರಿಯ ಜೀನ್ಸ್ ಹೊಲಿಗೆಯವರಿಗೆ ಇದೆ. ದಂಡಿನವರ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿಗಳ ಮನೆಗಳಿಂದ ಬೆಳೆದ ಕಸುಬು ಅದು ಎಂಬುದು ಬಳ್ಳಾರಿ ಪೇಟೆಯ ಮಾತು; ಇಂದು ಅಲ್ಲಿ ವೇಗದ ಮೋಟಾರ್ ಮಿಷನ್‌ಗಳು ಸಾಲುಸಾಲಾಗಿ ನಿಂತಿವೆ. ಸೂಜಿಯ ಬುಡಕ್ಕೆ ಬೇರೆಯದೇ ಚಿಕ್ಕ ದೀಪ ಬೇಕು ಎಂಬ ತಿಳಿವಳಿಕೆ ಅಂಥ ಕಡೆ ಮೊದಲು ಬರುವುದು ಸಹಜ.

ಹಳ್ಳಿಗಳಲ್ಲಿ ಅದಕ್ಕೂ ಮೊದಲು ಬಗೆಹರಿಯಬೇಕಾದದ್ದು ಕರೆಂಟು ಇರುವ ಹೊತ್ತಿನ ಪ್ರಶ್ನೆ. ಪಂಪ್‌ಸೆಟ್ಟಿಗೂ ಮನೆಗೂ ಒಂದೇ ಲೈನು ಇದ್ದಾಗ ತ್ರೀಫೇಸ್ ಹೋದರೆ ಮನೆಯೂ ಕತ್ತಲು. 2010ರ ಆಸುಪಾಸಿನಲ್ಲಿ ನಿರಂತರ ಜ್ಯೋತಿ ಯೋಜನೆ ಎರಡನ್ನೂ ಬೇರ್ಪಡಿಸತೊಡಗಿದ ಮೇಲೆ ಸಂಜೆ ಏಳರಿಂದ ಒಂಬತ್ತರ ಹೊಲಿಗೆ ಹಲವು ಊರುಗಳಲ್ಲಿ ಸಾಧ್ಯವಾಯಿತು. ಇನ್ನೊಂದು ದಾರಿ ಸೌರದೀಪದ್ದು. ಹರೀಶ್ ಹಂದೆ 1995ರಲ್ಲಿ ಕಟ್ಟಿದ, ಮುಂದೆ ಅವರಿಗೆ 2011ರ ಮ್ಯಾಗ್ಸೆಸೆ ಪ್ರಶಸ್ತಿ ತಂದ ಸೆಲ್ಕೊ ಸಂಸ್ಥೆ, ಮನೆಗೆ ಎಷ್ಟು ಬಲ್ಬು ಎಂದು ಕೇಳುವ ಬದಲು ಕೆಲಸ ಎಲ್ಲಿ ನಡೆಯುತ್ತದೆ ಎಂದು ಕೇಳಿತು. ಸೂಲಗಿತ್ತಿಯರಿಗೆ, ಹೂ ಬಿಡಿಸುವವರಿಗೆ ಹಣೆಗೆ ಕಟ್ಟುವ ದೀಪ, ಹೊಲಿಯುವವರಿಗೆ ಸೌರಶಕ್ತಿಯ ಮಿಷನ್ನೇ ಕೊಡುವ ಯೋಚನೆ ಆ ಪ್ರಶ್ನೆಯಿಂದ ಹುಟ್ಟಿತು. ಮಲ್ಲಿಗೆಗೆ ಹೆಸರಾದ ಹಡಗಲಿಯಲ್ಲಿ ಬೆಳಗಿನ ಜಾವ ಮೊಗ್ಗು ಬಿಡಿಸುವವರಿಗೆ ಆ ಪ್ರಶ್ನೆಯ ಬೆಲೆ ಗೊತ್ತು.

ಎಲ್‌ಇಡಿ ಬಂದು ಲೆಕ್ಕವನ್ನು ಮತ್ತೆ ಬದಲಿಸಿತು. 2015ರ ಕೊನೆಗೆ ರಾಜ್ಯದಲ್ಲಿ ಹೊಸ ಬೆಳಕು ಯೋಜನೆಯಡಿ 9 ವ್ಯಾಟಿನ ಎಲ್‌ಇಡಿ ಬಲ್ಬುಗಳು ಅಗ್ಗಕ್ಕೆ ಸಿಗತೊಡಗಿದವು. ಒಂದೊಂದೂ ಭಾಗ್ಯಜ್ಯೋತಿಯ ಬಲ್ಬಿನ ಎರಡರಷ್ಟು ಬೆಳಗುತ್ತದೆ, ತಿನ್ನುವುದು ಕಾಲುಭಾಗಕ್ಕಿಂತ ಕಡಿಮೆ. ವೋಲ್ಟೇಜು ಇಳಿದರೂ ಸಾಮಾನ್ಯವಾಗಿ ಮಂಕಾಗುವುದಿಲ್ಲ. 2023ರ ಗೃಹಜ್ಯೋತಿಯಿಂದ ತಿಂಗಳಿಗೆ 200 ಯೂನಿಟ್ಟಿನವರೆಗೆ ಮನೆಗಳಿಗೆ ಬಿಲ್ಲೂ ಇಲ್ಲ. ಈಗ ಪೇಟೆಯಲ್ಲಿ ಹೊಲಿಗೆ ಮಿಷನ್ನಿಗೆಂದೇ ಬಗ್ಗುವ ಕತ್ತಿನ, ಬುಡದಲ್ಲಿ ಅಯಸ್ಕಾಂತವಿರುವ ಪುಟ್ಟ ಎಲ್‌ಇಡಿ ದೀಪ ಸಿಗುತ್ತದೆ. ಮಿಷನ್ನಿನ ಕಬ್ಬಿಣದ ಮೈಗೆ ಅಂಟಿಸಿದರೆ ಸಾಕು, ಮೊಳೆ ಬೇಡ, ದಾರ ಬೇಡ.

ಕೊಳ್ಳುವಾಗ ನೋಡಬೇಕಾದದ್ದು ವ್ಯಾಟನ್ನಲ್ಲ. ಕತ್ತು ಸೂಜಿಯ ಎಡ ಮುಂಭಾಗಕ್ಕೆ ಬಗ್ಗುತ್ತದೆಯೇ, ಮಿಷನ್ ಅದುರಿದಾಗ ತಾನಾಗಿ ಬಾಗಿಹೋಗದೆ ನಿಲ್ಲುತ್ತದೆಯೇ, ಎಲ್‌ಇಡಿಯ ಚುಕ್ಕೆಗಳು ಕಣ್ಣಿಗೆ ನೇರ ಕಾಣದಂತೆ ಮುಚ್ಚಳವಿದೆಯೇ ಎಂದು ಅಂಗಡಿಯಲ್ಲೇ ಪರೀಕ್ಷಿಸಬೇಕು. ಬಣ್ಣ ಪರೀಕ್ಷಿಸಲು ಕಡುನೀಲಿ ಮತ್ತು ಕಪ್ಪು ದಾರದ ಎರಡು ಉಂಡೆ ಜೇಬಿನಲ್ಲಿ ಒಯ್ದರೆ ಸಾಕು. ದೀಪದ ಕೆಳಗೆ ಅವೆರಡೂ ಒಂದೇ ಎನಿಸಿದರೆ ಆ ದೀಪ ಬೇಡ. ಮೊಬೈಲಿನ ಕ್ಯಾಮೆರಾ ಹಿಡಿದಾಗ ಪಟ್ಟೆಪಟ್ಟೆಯಾಗಿ ಕಂಡರೆ ಅದು ಮಿನುಗುವ ದೀಪ, ಅದೂ ಬೇಡ. ಕರಿ ಮಿಷನ್ನಿನ ಹೊಳೆಯುವ ಬಣ್ಣ, ಉಕ್ಕಿನ ತಟ್ಟೆ ಬೆಳಕನ್ನು ಕನ್ನಡಿಯಂತೆ ಎರಚುವುದರಿಂದ ದೀಪವನ್ನು ಸ್ವಲ್ಪ ಓರೆಯಾಗಿ ಇಡಬೇಕು. ಕೋಣೆಯ ದೊಡ್ಡ ದೀಪವನ್ನು ಆರಿಸಿ ಇದೊಂದನ್ನೇ ಉರಿಸಿದರೆ ಕಣ್ಣು ಬೆಳಕಿಗೂ ಕತ್ತಲಿಗೂ ಹೊಂದಿಕೊಳ್ಳುತ್ತ ಬೇಗ ದಣಿಯುತ್ತದೆ. ಎರಡೂ ಇರಲಿ.

ವಯಸ್ಸಿನ ಮಾತೂ ಇದೆ. ಅರವತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಮೂರನೇ ಒಂದು ಭಾಗದಷ್ಟೇ. ಸಣ್ಣ ಊರುಗಳಲ್ಲಿ ಸಿದ್ಧ ಉಡುಪಿನ ಅಂಗಡಿ ಎದ್ದ ಮೇಲೆ ಹೊಸ ಹುಡುಗರು ಪೆಡಲ್ ತುಳಿಯಲು ಬರುವುದು ಕಡಿಮೆ. ಗಂಡಸರ ಅಂಗಿ ಪ್ಯಾಂಟಿನ ಟೇಲರುಗಳಲ್ಲಿ ಉಳಿದವರಿಗೆ ವಯಸ್ಸಾಗಿದೆ. ಕುಪ್ಪಸ, ಚೂಡಿದಾರ, ಸೀರೆಯ ಫಾಲ್ಸ್ ಕೆಲಸ ಮನೆಯಲ್ಲೇ ಕೂತ ಹೆಣ್ಣುಮಕ್ಕಳ ಕೈಗೆ ಬಂದಿದೆ. ಮನೆಗೆಲಸ ಮುಗಿದ ಮೇಲಷ್ಟೇ ಅವರಿಗೆ ಮಿಷನ್ ಸಿಗುವುದು, ಅಂದರೆ ರಾತ್ರಿ. ಇಬ್ಬರಿಗೂ ಬೆಳಕು ಹಿಂದಿನವರಿಗಿಂತ ಹೆಚ್ಚೇ ಬೇಕು.

ಸರ್ಕಾರ, ಸಂಘ, ದಾನಿಗಳು ಹೊಲಿಗೆ ಮಿಷನ್ ಹಂಚುವುದು ಈ ಸೀಮೆಯಲ್ಲಿ ಹಳೆಯ ಸಂಗತಿ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಕೇಂದ್ರದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯದೂ ಒಂದು. ಉಪಕರಣಕ್ಕೆಂದು 15,000 ರೂಪಾಯಿಯ ನೆರವಿದೆ. ಮಿಷನ್ ಪಡೆದವರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಹಾರ ಹಾಕಿದ ಮಿಷನ್ನೂ ಕಾಣುತ್ತದೆ. ಅದಕ್ಕೆ ಬೇಕಾದ ದೀಪದ ಬೆಲೆ ಮಿಷನ್ನಿನ ಬೆಲೆಯ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಇನ್ನು ಮುಂದೆ ಮಿಷನ್ ಹಂಚುವವರು ಪಟ್ಟಿಯಲ್ಲಿ ಒಂದು ಸಾಲು ಹೆಚ್ಚಿಗೆ ಬರೆಯಲಿ: ಬಗ್ಗುವ ಕತ್ತಿನ ದೀಪ, ಒಂದು.